ಒಲೆಯ ಮೇಲಿನ ಗಾಜು

ಜನವರಿ 18

ರೊಟ್ಟಿ ಆಯಿತು. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದೊಡನೆ ಚಾವಣಿಯ ಗಾಜಿಗೆ ರಾಡು ಸಿಕ್ಕಿಸಿ ತಿರುವಿದೆ. ಗಾಜು ಮೇಲೆದ್ದಿತು, ಘಾಟು ಹೊರಗೆ ಹೋಯಿತು. ಯಾರೂ ಕೆಮ್ಮಲಿಲ್ಲ.

ಸೇಡಂನ ಈ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಅಡುಗೆಮನೆಗೆ ಕಿಟಕಿ ಇಡಲು ಜಾಗವೇ ಇಲ್ಲ. ಕಟ್ಟುವಾಗ ನಾನು ಕೇಳಿದ್ದು ಇದೊಂದೇ — ಒಲೆಯ ಮೇಲೆ ಸ್ಲ್ಯಾಬಿನಲ್ಲಿ ತೆರೆಯುವ ಗಾಜು. ಗ್ರಾನೈಟ್ ಬೇಡ, ಮಾಡ್ಯುಲರ್ ಕಿಚನ್ ಬೇಡ ಅಂದೆ. ಇವರು ಮುಖ ಗಂಟು ಹಾಕಿಕೊಂಡೇ ಒಪ್ಪಿದರು.

"ಮಳಿ ಬಂದ್ರ ಒಲಿ ಆರ್ತದ, ನೋಡಕೋತ ಕುಂದ್ರು" ಅಂದಿದ್ದ ಅತ್ತೆ ಈಗ ಮಂಚವನ್ನೇ ಒಲೆಯ ಪಕ್ಕ, ಗಾಜಿನ ಬೆಳಕಿಗೆ ಹಾಕಿಸಿಕೊಂಡಿದ್ದಾರೆ. ತೊಗರಿಬೇಳೆ ಹಸನು ಮಾಡುತ್ತಾರೆ. "ಸಣ್ಣ ಕಲ್ಲೂ ಛಂದ ಕಾಣಾಕತ್ತಾವ ನೋಡು." ಹೊಗಳುವುದಿಲ್ಲ. ಎದ್ದೂ ಹೋಗುವುದಿಲ್ಲ.

ಜನವರಿ 29

ಮೈದುನ ಬೀರೇಶನಿಗೆ ಸುಲೇಪೇಟೆಯ ಸಂಬಂಧ. ಮನೆ ನೋಡಲು ಬಂದಿದ್ದರು, ಹುಡುಗಿಯೂ ಜೊತೆಗೆ. ಐಶ್ವರ್ಯ ಅಂತ. ಸೀದಾ ಅಡುಗೆಮನೆಗೆ ಬಂದು ತಲೆ ಎತ್ತಿ ನಿಂತುಬಿಟ್ಟಳು.

"ಅಕ್ಕಾ, ನಮ್ಮನ್ಯಾಗ ಹಗಲೊತ್ತೂ ಲೈಟ್ ಹಚ್ಚಬೇಕು. ಇಲ್ಲಿ ಆಕಾಶನೇ ಕಾಣತದಲ್ಲ!"

ಉಬ್ಬಿಹೋದೆ. ರಾಡು ಅವಳ ಕೈಗೇ ಕೊಟ್ಟೆ. ತಿರುವಿದಳು, ಗಾಜು ಎದ್ದಿತು, ನಕ್ಕಳು. ನಾನೂ ನಕ್ಕೆ.

ಫೆಬ್ರುವರಿ 3

ಸಂಬಂಧ ಗಟ್ಟಿಯಾಯಿತು. ಹೋಳಿಗೆ ಮಾಡಿದೆ. ಕಾಲು ನೋವು.

ಮಾರ್ಚ್ 11

ಬೆಳಗ್ಗೆ ಬಾಗಿಲು ತೆಗೆದರೆ ಇಟ್ಟಿಗೆಯ ಟ್ರ್ಯಾಕ್ಟರ್. ಬೀರೇಶನಿಗೆ ಮೇಲೊಂದು ಮನೆಯಂತೆ. ಡ್ರೈವರ್‌ಗೂ ಗೊತ್ತು. ನನಗೆ ಗೊತ್ತಿಲ್ಲ.

ಇವರನ್ನು ಕೇಳಿದೆ, "ಮ್ಯಾಲ ಕಟ್ಟಿದ್ರ ನನ್ನ ಗಾಜು?"

"ಆ ತೂತು ಮುಚ್ಚಬೇಕಾಗ್ತದ. ನಿನಗೊಂದು ಛಲೋ ಎಲ್‌ಇಡಿ ಹಾಕಸ್ತೀನಿ ತಗೋ."

ತೂತು! ಎರಡು ವರ್ಷ ಬಂದವರಿಗೆಲ್ಲ 'ನಮ್ಮ ಸ್ಕೈಲೈಟ್' ಅಂತ ತೋರಿಸಿದ್ದು ಇವರೇ.

"ಅಷ್ಟೇ ಜಾಗ ಬಿಟ್ಟು ಕಟ್ಟರಿ."

"ಅಲ್ಲೇ ಅವರ ಅಡಗಿಮನಿ ಬರ್ತದ ಭುವನಾ. ಸಣ್ಣ ಮಾತಿಗೆ ಯಾಕ ಹಟ ಮಾಡ್ತಿ?"

ಸಣ್ಣ ಮಾತು. ಇಡೀ ದಿನ ಒಲೆ ಮುಂದೆ ನಿಲ್ಲುವವಳು ನಾನು.

ಮಾರ್ಚ್ 12

ಅತ್ತೆಯಾದರೂ ಮಾತಾಡುತ್ತಾರೆ ಅಂದುಕೊಂಡಿದ್ದೆ. ಆ ಬೆಳಕು ಅವರದೂ ಅಲ್ಲವೇ. "ನೀವರ ಒಂದು ಮಾತು ಹೇಳ್ರಿ ಅತ್ತಿ" ಅಂದೆ. ಮೊರದಿಂದ ತಲೆ ಎತ್ತಲಿಲ್ಲ, ಬೇಳೆ ಕೇರುತ್ತಲೇ ಇದ್ದರು.

"ಬೀರೇಶಗ ಮನಿ ಬ್ಯಾಡೇನು?"

ನನಗೆ ಬೆಳಕು ಬೇಡವೇ, ಅಂತ ಕೇಳಬೇಕಿತ್ತು. ಚಹಾಕ್ಕೆ ನೀರಿಟ್ಟೆ.

ಏಪ್ರಿಲ್ 2

ಇಪ್ಪತ್ತು ದಿನ ಬರೆದಿಲ್ಲ. ಬರೆಯಲು ಏನಿದೆ — ಸಿಮೆಂಟು, ಧೂಳು, ಕೆಲಸದವರಿಗೆ ಚಹಾ.

ಇವತ್ತು ಬೀರೇಶ ಬಂದು ಖುಷಿಯಿಂದ ಹೇಳಿದ, "ವೈನಿ, ನಿಮ್ಮ ಗಾಜು ವೇಸ್ಟ್ ಆಗಂಗಿಲ್ಲರಿ. ಮ್ಯಾಲಿನ ಅಡಗಿಮನಿಗೆ ಹಚ್ಚತೀವಿ. ಐಶ್ವರ್ಯಗ ಭಾಳ ಸೇರೇದ." ನಾನೂ ಖುಷಿಪಡಲಿ ಅಂತ ನಿಂತೇ ಇದ್ದ. ಒಳ್ಳೆಯ ಹುಡುಗ. ಅದಕ್ಕೇ ಇನ್ನಷ್ಟು ಸಿಟ್ಟು.

ಮಂಚದಿಂದ ಅತ್ತೆಯ ದನಿ: "ಹಂಗಾದ್ರ ನನ್ನ ಮಂಚಾನೂ ಮ್ಯಾಲೇ ಹಾಕಸು. ಇಲ್ಲಿ ಇನ್ನ ಬ್ಯಾಳ್ಯಾಗಿನ ಕಲ್ಲು ಕಾಣಂಗಿಲ್ಲ."

ಹಿಟ್ಟು ನಾದುತ್ತಿದ್ದೆ. ನಾದುತ್ತಲೇ ಇದ್ದೆ. ನೀರು ಹೆಚ್ಚಾಗಿ ರೊಟ್ಟಿ ಎಲ್ಲ ಹರಿದವು.

ಏಪ್ರಿಲ್ 9, ಮಧ್ಯಾಹ್ನ

ಮಿಸ್ತ್ರಿ ಮಶಾಕ ಬೆಳಗ್ಗೆಯೇ ಗಾಜು ಬಿಚ್ಚಿದ. ಹಳೆಯ ಚಾದರದಲ್ಲಿ ಸುತ್ತಿ ಮೇಲೆ ಇಟ್ಟಿದ್ದಾರೆ. ಒಲೆಯ ಎರಡೂ ಕಡೆ ಆಸರೆಗೆ ಕಂಬ ಕೊಟ್ಟು, ತೂತಿಗೆ ಕೆಳಗಿನಿಂದ ಕಬ್ಬಿಣದ ಪ್ಲೇಟ್ ಬಡಿಯುತ್ತಿದ್ದಾನೆ. ಮೇಲಿನಿಂದ ಕಾಂಕ್ರೀಟ್ ಸುರಿದರೆ ಮುಗಿಯಿತು. ಹೌದು, ನಾನೇ ತೂತು ಅಂತ ಬರೆದೆ.

ಎಲ್ಲರೂ ರಾಡು ಹುಡುಕುತ್ತಿದ್ದಾರೆ. ಇವರು ಅಟ್ಟ ಹತ್ತಿ ನೋಡಿದರು. ಬೀರೇಶ ಎರಡು ಸಲ ಕೇಳಿದ. "ನನಗೇನು ಗೊತ್ತಪ್ಪ" ಅಂದೆ. ಕಪಾಟಿನಲ್ಲಿ ನನ್ನ ಸೀರೆಗಳ ಹಿಂದೆ ಇದೆ. ಅಂಥದ್ದು ಇಲ್ಲಿ ಸಿಗುವುದಿಲ್ಲ, ಹೈದರಾಬಾದಿನಿಂದ ತರಿಸಿದ್ದು. ಅದಿಲ್ಲದೆ ಗಾಜು ಏಳುವುದಿಲ್ಲ. ಮೇಲೆ ಬೆಳಕು ಬೀಳಲಿ, ಬೇಡ ಅನ್ನಲಿಲ್ಲ. ಘಾಟು ಹೇಗೆ ಹೋಗುತ್ತೋ ನೋಡೋಣ.

ನಾಚಿಕೆ ಆಗಬೇಕು. ಆಗುತ್ತಿಲ್ಲ.

"ಅಕ್ಕೋರ, ಇನ್ನೊಂದು ಪ್ಲೇಟ್ ಬಡದ್ರ ಆತು. ಕತ್ತಲ ಆಗ್ತದ, ಲೈಟ್ ಹಚ್ಚಕೋರಿ" — ಮಶಾಕ.

ಹಚ್ಚುವುದಿಲ್ಲ. ಅಂಗೈಯಷ್ಟು ಬೆಳಕು ಇನ್ನೂ ಈ ಪುಟದ ಮೇಲಿದೆ. ಅಷ್ಟರಲ್ಲಿ ಬರೆದುಬಿಡಬೇಕು. ಆ ಹುಡುಗಿ ಒಂದು ದಿನ ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ಮೆಟ್ಟಿಲಿಳಿದು ಬಂದು, ಅವತ್ತಿನ ಹಾಗೇ 'ಅಕ್ಕಾ' ಅಂತ ಕರೆದರೆ... ಆಗ ನಾನು ಆ ರಾಡನ್ನು —