ಲೇಡಿ ಮರಿಯೋಟಾಳ ತವರು

ಪಿಟ್ಟನ್‌ವೀಮ್,
14 ನವೆಂಬರ್ 1983

ಪ್ರೀತಿಯ ಫರ್ಗಸ್ ಅಣ್ಣನಿಗೆ,

ಕೆನಡಾದಲ್ಲಿ ಆಗಲೇ ಹಿಮ ಬಿದ್ದಿರಬೇಕು, ಎದೆ ಬೆಚ್ಚಗಿಟ್ಟುಕೋ. ನಿನ್ನ ಕಾಗದ ಬಂದಮೇಲೆ ಒಂದು ಬೇಸಿಗೆಯೇ ಕಳೆದುಹೋಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಸುದ್ದಿ ಪೂರ್ತಿ ಕೈಗೆ ಸಿಗದೆ ಬರೆಯಲು ಮನಸ್ಸಾಗಲಿಲ್ಲ.

ನಿನ್ನ ಮೊಮ್ಮಗಳು ಶೋನಾ ಶಾಲೆಗೆ ವಂಶವೃಕ್ಷ ಬರೆದುಕೊಂಡು ಹೋಗಬೇಕು, ಅಮ್ಮ ಹೇಳುತ್ತಿದ್ದ ಬಾಲ್‌ಕಾರ್ನಿ ಕೋಟೆಯ ಲೇಡಿ ಮರಿಯೋಟಾ ನಿಜಕ್ಕೂ ನಮ್ಮ ಮನೆತನದವಳೇ ನೋಡಿ ಹೇಳು ಎಂದಿದ್ದೆಯಲ್ಲ. ಶಾಲೆ ಕೊಟ್ಟ ಗಡುವು ಎಂದೋ ಮುಗಿದಿರುತ್ತದೆ. ನನಗೆ ಮಾತ್ರ ಬಿಡಲಾಗಲಿಲ್ಲ. ಅಮ್ಮ ಆ ಹೆಸರನ್ನು ಉಪ್ಪಿನ ಹಾಗೆ ಎಲ್ಲದಕ್ಕೂ ಹಾಕುತ್ತಿದ್ದಳು, ಜ್ಞಾಪಕವಿದೆಯಾ? ತೇಪೆ ಹಾಕಿಸಿದ ಬೂಟು ಮೆಟ್ಟಿಕೊಂಡು ಚರ್ಚಿಗೆ ಹೊರಟರೂ, "ಬೆನ್ನು ನೆಟ್ಟಗಿರಲಿ, ನಿಮ್ಮದು ಕೋಟೆಯ ರಕ್ತ," ಅನ್ನುತ್ತಿದ್ದಳು. ಬಂದರಿನ ಮಕ್ಕಳ ಜೊತೆ ಆಡಲೂ ಬಿಡುತ್ತಿರಲಿಲ್ಲ.

ಅಜ್ಜಿಯ ಅಜ್ಜಿಯವರೆಗೆ ಚರ್ಚಿನ ಪುಸ್ತಕಗಳು ದಾರಿ ತೋರಿಸಿದವು. ಅದರಾಚೆ ಎಲ್ಲ ಶತಮಾನಗಳಷ್ಟು ಹಳೆಯ ಜಮೀನಿನ ಪತ್ರಗಳು, ಅವೂ ಲ್ಯಾಟಿನ್‌ನಲ್ಲಿ. ಹೈಸ್ಕೂಲಿನಲ್ಲಿ ಲ್ಯಾಟಿನ್ ಮೇಷ್ಟ್ರಾಗಿದ್ದ ಕಾರ್ಸ್‌ವೆಲ್ ಅವರನ್ನು ಕೇಳಿಕೊಂಡೆ. ಅವರಿಗೆ ಕಿವಿ ಮಂದ, ಕಣ್ಣು ಮಾತ್ರ ಹದ್ದಿನದು. ಬೇಸಿಗೆಯಿಡೀ ಇಬ್ಬರೂ ಬಸ್ಸಿನಲ್ಲಿ ಎಡಿನ್‌ಬರೋಗೆ ಹೋಗಿ ಹಳೇ ದಾಖಲೆಗಳ ಮುಂದೆ ಕೂರುತ್ತಿದ್ದೆವು. ಮಧ್ಯಾಹ್ನ ಹೊರಗೆ ಮೆಟ್ಟಿಲ ಮೇಲೆ ಓಟ್ಸ್ ರೊಟ್ಟಿ ಬಿಚ್ಚಿದರೆ, "ಏನಮ್ಮ ಕೋಟೆಯವರೇ, ನಮ್ಮಂಥವರ ಜೊತೆ ತಿಂದರೆ ನಿಮ್ಮ ಅಂತಸ್ತು ಕಮ್ಮಿಯಾಗಲ್ಲವಾ?" ಎಂದು ಛೇಡಿಸುತ್ತಿದ್ದರು. ಇನ್ನೊಬ್ಬರ ಎದುರು ಕೂತು ಉಂಡು ನನಗೆ ಎಷ್ಟು ಕಾಲವಾಗಿತ್ತೋ.

ಅಮ್ಮ ಹೇಳಿದ್ದು ಸುಳ್ಳಲ್ಲ ಅಣ್ಣ. ಕೊಂಡಿ ಎಲ್ಲೂ ಕಳಚಲಿಲ್ಲ. ಮರಿಯೋಟಾಳ ಕಿರಿಮಗಳ ಸಂತಾನ ನಾವು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವಳನ್ನು ಹೆತ್ತವರು ಯಾರು ಅನ್ನುವುದು ಎಲ್ಲೂ ಇರಲಿಲ್ಲ. ಗಂಡ ಸರ್ ವಾಲ್ಟರ್‌ನ ಕಡೆಯವರು ತಾತ ಮುತ್ತಾತಂದಿರ ಸಮೇತ ಸಿಕ್ಕರು. ಇವಳೊಬ್ಬಳು ನೆಲದಿಂದ ಎದ್ದು ಬಂದವಳ ಹಾಗಿದ್ದಳು. ಕೊನೆಗೆ ಸೆಪ್ಟೆಂಬರಿನಲ್ಲಿ, ಗಂಡ ಸತ್ತ ಮೇಲೆ ಅವಳು ಸನ್ಯಾಸಿನಿಯರ ಮಠವೊಂದಕ್ಕೆ ಹೊಲ ಬಿಟ್ಟುಕೊಟ್ಟ ದಾನಪತ್ರ ಸಿಕ್ಕಿತು. ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದುತ್ತಿದ್ದ ಮೇಷ್ಟ್ರು ಒಂದು ಕಡೆ ಓದು ನಿಲ್ಲಿಸಿಬಿಟ್ಟರು.

"ಏನಂತೆ?" ಎಂದೆ.

"ತನ್ನ ತಂದೆಯ ಆತ್ಮಕ್ಕೆ ಶಾಂತಿ ಕೋರಿ ಪ್ರಾರ್ಥನೆ ಮಾಡಬೇಕಂತೆ."

"ಹೆಸರಿದೆಯಾ?"

"ಆಡಮ್. ಕ್ರೇಲ್ ಊರಿನವನು. ಹೆರಿಂಗ್ ಮೀನು ಮಾರುತ್ತಿದ್ದನಂತೆ ಕಣಮ್ಮ."

ಕಿವಿ ಮಂದವಲ್ಲವೇ, ಇಡೀ ಕೋಣೆಗೆ ಕೇಳುವಂತೆ ಹೇಳಿದರು. ಓದುತ್ತಿದ್ದವರೆಲ್ಲ ತಲೆಯೆತ್ತಿ ನಮ್ಮ ಕಡೆ ನೋಡಿದರು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ನಾನೂ ನಗಲು ಹೋದೆ, ಆಗಲಿಲ್ಲ. ನನ್ನ ಮುಖ ನೋಡಿದವರು ತಾವೂ ಸುಮ್ಮನಾದರು.

ಇಂಥ ಸುದ್ದಿ ಹೊತ್ತು ಬಂದಾಗ ಮನೆಯಲ್ಲಿ ಹೇಳಲು ಯಾರಾದರೂ ಇರಬೇಕು. ದೀಪ ಹಾಕಿ, ಕೋಟು ಬಿಚ್ಚದೆ ಒಲೆಯ ಮುಂದೆ ಕೂತಿದ್ದೆ. ಬೆಳಿಗ್ಗೆ ಎದ್ದು ಅಮ್ಮನ ಸಮಾಧಿಗೆ ಹೋದೆ, ಅವಳಿಗಾದರೂ ಹೇಳೋಣ ಎಂದು. ಸುತ್ತ ಬೆಳೆದಿದ್ದ ಕಳೆಯಷ್ಟೇ ಕಿತ್ತು ಹಿಂದಿರುಗಿದೆ.

ಶೋನಾಗೆ ವಂಶವೃಕ್ಷ ಬಿಡಿಸಿ ಇದರ ಜೊತೆ ಇಟ್ಟಿದ್ದೇನೆ. ಆಡಮ್‌ನ ಹೆಸರು ಎಲ್ಲರಿಗಿಂತ ಮೇಲಿದೆ, ಅವನ ಕಸುಬಿನ ಸಮೇತ. ಯಾರೂ ಅಳಿಸದಂತೆ ನೋಡಿಕೋ. ಮಗು ತನಗೆ ಇಷ್ಟ ಬಂದವರ ಜೊತೆ ಆಡಿಕೊಂಡು ಬೆಳೆಯಲಿ. ದೇವರು ನಿಮ್ಮನ್ನೆಲ್ಲ ಈ ಚಳಿಗಾಲ ಸುಖವಾಗಿ ದಾಟಿಸಲಿ.

ನಿನ್ನ ತಂಗಿ,
ಗ್ರಿಜೆಲ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಹೇಮಿಷ್ ನಿನಗೆ ನೆನಪಿರಬೇಕು, ಬಂದರಿನಲ್ಲಿ ಮೀನು ಮಾರುತ್ತಿದ್ದ ಡ್ರೈಬರೋ ಮನೆಯವನು. ನೀನು ಕೆನಡಾಕ್ಕೆ ಹೋದ ಮೇಲೆ ನನ್ನನ್ನು ಮದುವೆಗೆ ಕೇಳಿಕೊಂಡು ಮನೆಗೆ ಬಂದಿದ್ದ. ಬಾ ಎಂದು ಹೇಳಿದವಳು ನಾನೇ. ಇದನ್ನು ನಿನಗೆ ಯಾರೂ ಬರೆಯಲಿಲ್ಲ. ಅಮ್ಮ ಅವನನ್ನು ಹೊಸಿಲು ದಾಟಲು ಬಿಡಲಿಲ್ಲ. "ಲೇಡಿ ಮರಿಯೋಟಾಳ ರಕ್ತಕ್ಕೆ ಮೀನಿನ ವಾಸನೆ ಹತ್ತಿಸಲಾರೆ," ಎಂದಳು. ಅವನು ಎದುರಾಡದೆ ಟೋಪಿ ಹಾಕಿಕೊಂಡು ಹೊರಟ, ಆಮೇಲೆ ಊರನ್ನೇ ಬಿಟ್ಟ. ಬೇರೆಯವರು ಕೇಳಿಕೊಂಡು ಬಂದರೂ ನನಗೆ ಮನಸ್ಸಾಗಲಿಲ್ಲ.

ಕಳೆದ ವಾರ ಬಸ್ಸು ಬದಲಿಸುತ್ತಾ, ಅವನು ಅಂಗಡಿ ಇಟ್ಟಿದ್ದಾನೆಂದು ಕೇಳಿದ್ದ ಫ್ರೇಸರ್‌ಬರೋವರೆಗೆ ಹೋಗಿದ್ದೆ. ಆಡಮ್‌ನ ವಿಷಯ ಹೇಮಿಷ್‌ಗೆ ಹೇಳಬೇಕಿತ್ತು. ಈ ವಯಸ್ಸಿನಲ್ಲಿ ಇಬ್ಬರೂ ಕೂತು ನಕ್ಕುಬಿಡಬಹುದು ಎಂದುಕೊಂಡಿದ್ದೆ. ಮೀನಂಗಡಿಯಲ್ಲಿ ಅವನ ಹೆಂಡತಿ ಇದ್ದಳು. "ಅವರು ತೀರಿಕೊಂಡು ವರ್ಷವಾಯ್ತಲ್ಲಮ್ಮ," ಎಂದಳು. ಕೈ ಒರೆಸಿಕೊಂಡು ಹತ್ತಿರ ಬಂದು, ನನ್ನ ಮುಖ ನೋಡಿ, "ನೀವು ಅವರಿಗೆ ಏನಾಗಬೇಕು?" ಎಂದು ಮೆಲ್ಲಗೆ ಕೇಳಿದಳು.

ಹರವಿಟ್ಟಿದ್ದ ಹೆರಿಂಗ್ ಕಡೆ ಕೈ ತೋರಿಸಿದೆ.

"ಏನೂ ಆಗಬೇಕಿಲ್ಲ. ಮೀನು ಕೊಳ್ಳಲು ಬಂದೆ," ಎಂದೆ.

ಅವಳು ತೂಗಿ, ಕಾಗದದಲ್ಲಿ ಸುತ್ತಿ ಕೊಟ್ಟಳು.