ಆಶಮ್ಮನ್ನ ಕೊಡ್ರಪ್ಪಾ

ಚಳ್ಳಕೆರೆ,
೧೪-೧೧-೨೦೦೨

ಮೊಳಕಾಲ್ಮೂರಿನ ಜಗಲಿಯ ಮೇಲೆ ನೆರೆದಿರುವ ಮಹಾಜನರೇ! ಅತ್ತೆ ನಾಗಕ್ಕನವರೇ, ಎಲೆಅಡಿಕೆ ಸಮೇತ ಬಂದು ಕೂತಿರುವ ಪಕ್ಕದ ಮನೆಯ ವೀರಮ್ಮನವರೇ! ಕಾಗದ ಬಂದರೆ ಆಶಾ ಗಟ್ಟಿಯಾಗಿ ಓದುತ್ತಾಳೆಂದು ಬಲ್ಲೆ. ನಿಮಗೆಲ್ಲ ನಮಸ್ಕಾರ. ಇನ್ನು ಒಳಗೆ ನಡೆಯಿರಿ, ಮುಂದಿನದು ಗಂಡಹೆಂಡಿರ ಮಾತು.

ಪ್ರೀತಿಯ ಆಶಾ,

ಆರೋಗ್ಯವೇ? ಕೆಮ್ಮು ಕಡಿಮೆಯಾಯಿತೇ? ನಾನು ಕ್ಷೇಮ, ಅಂದರೆ ಜೀವಂತ. ಹೊಟ್ಟೆಯಲ್ಲಿ ಮಾತ್ರ ಬೆಂಕಿ. ಇಷ್ಟು ವರ್ಷ ಕೊಂಡ್ಲಹಳ್ಳಿಯ ನಾಟಕದಲ್ಲಿ ದುರ್ಯೋಧನನಾಗಲು ಬಣ್ಣ ಬಳಿದುಕೊಳ್ಳಬೇಕಿತ್ತು, ಈಗ ಕನ್ನಡಿ ನೋಡಿದರೆ ಸಾಕು. ಮಯಸಭೆಯಲ್ಲಿ ಜಾರಿ ಬಿದ್ದವನ ಸಂಕಟ ನನಗೆ ತಿಳಿದದ್ದು ಕಂಪ್ಯೂಟರ್ ಅಂಗಡಿಗೆ ಸೇರಿದ ಮೇಲೆಯೇ.

ನೆನಪಿದೆಯೇ, ಹಾರ್ಡ್‌ವೇರ್ ಕೋರ್ಸಿಗೆ ಮೊದಲು ಸೇರಿದವನು ನಾನು. ಅಲ್ಲಿ ಹುಡುಗಿಯರೂ ಕಲಿಯುತ್ತಾರೆಂದು ಕೇಳಿ, ನನ್ನ ಮೇಲೆ ಕಣ್ಣಿಡಲು ಸೇರಿದವಳು ನೀನು! ಕಣ್ಣು ನನ್ನ ಮೇಲೆ ಎಷ್ಟು ದಿನ ಇತ್ತು? ಒಂದು ವಾರಕ್ಕೇ ಅದು ಮದರ್‌ಬೋರ್ಡಿನ ಮೇಲೆ ಹೋಯಿತು. ರ್‍ಯಾಮ್ ಕಿತ್ತು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ನೀನೇ ಕೂರಿಸುತ್ತಿದ್ದೆ. ಬೀಪ್ ಸದ್ದು ಕೇಳಿಯೇ ಕಂಪ್ಯೂಟರಿನ ಕಾಯಿಲೆ ಹೇಳುತ್ತಿದ್ದೆ. ಯಂತ್ರ ಕೂಗಿದ್ದನ್ನು ನೀನು ಕೇಳಿಸಿಕೊಂಡೆ, ನಾನು ಯಂತ್ರದ ಮೇಲೆ ಕೂಗಿದೆ. ಇಬ್ಬರನ್ನೂ ಕೆಲಸಕ್ಕೆ ತೆಗೆದುಕೊಂಡ ಶಾಹಿದ್ ಭಾಯ್, ನಿನ್ನ ತವರು ಮೊಳಕಾಲ್ಮೂರಿನಲ್ಲಿ ಹೊಸದಾಗಿ ತೆರೆದ ಅಂಗಡಿಗೆ ಒಂದು ತಿಂಗಳ ಮಟ್ಟಿಗೆ ನಿನ್ನನ್ನು ಕಳಿಸಿದಾಗ ನಾನು ನಕ್ಕಿದ್ದೆ. ಈಗ ಅಲ್ಲಿನ ಸೀರೆ ಅಂಗಡಿಯ ಕಲ್ಲೇಶಪ್ಪ ನಿನಗೆ ದಿನವೂ ಚಹಾ ಕಳಿಸುತ್ತಾನಂತೆ, ತೆಲುಗಿನಲ್ಲಿ 'ಆಶಮ್ಮಗಾರು' ಅನ್ನುತ್ತಾನಂತೆ. ಗಾರು! ನನ್ನನ್ನು ಇಲ್ಲಿ 'ಲೇ ಮಾರುತೇಶ' ಅನ್ನುವುದಕ್ಕೂ ಯಾರಿಗೂ ಪುರುಸೊತ್ತಿಲ್ಲ.

ಮೊನ್ನೆಯ ಪ್ರಸಂಗ ನಿನಗೆ ಅರ್ಧ ಗೊತ್ತು, ಪೂರ್ತಿ ಕೇಳು. ಎಣ್ಣೆ ಮಿಲ್ಲಿನ ಗುಮಾಸ್ತ ಚಿಕ್ಕಬಸಪ್ಪನವರ ಫೋನು ಬಂತು. ಕಂಪ್ಯೂಟರಿನ ಪರದೆ ಕದಲುತ್ತಿಲ್ಲವಂತೆ. ಎಸ್ಕೇಪ್ ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಲೈನು ಗೊರಗೊರ ಅನ್ನುತ್ತಿತ್ತು, ಆದ್ದರಿಂದ ರಂಗಸ್ಥಳದ ಕೊನೆಯ ಸಾಲಿಗೆ ಮುಟ್ಟುವಂತೆ ಗರ್ಜಿಸಿದೆ: 'ಎಸ್ಕೇಪ್! ಬೇಗ! ಎಸ್ಕೇಪ್!' ಗುಮಾಸ್ತರು ರಿಸೀವರ್ ಎಸೆದು, ಪಂಚೆ ಎತ್ತಿ ಕಟ್ಟಿ ಎಸ್ಕೇಪ್ ಆದರು! 'ಡಬ್ಬ ಸಿಡಿತೈತೆ, ಓಡ್ರಲೇ' ಅಂತ ಅವರು ಕೂಗಿದ್ದಕ್ಕೆ ಹಮಾಲರೂ ಓಡಿದರು. ಶೇಂಗಾ ಸುಲಿಯುವ ಯಂತ್ರ ನಿಂತಿತು. ಇಡೀ ಮಿಲ್ಲು ಗೇಟಿನ ಆಚೆ! ಆಮೇಲೆ ಅವರು ಮೊಳಕಾಲ್ಮೂರಿಗೇ ಫೋನು ಮಾಡಿದರು. ನೀನು, 'ಎಡಗಡೆ ಮೇಲಿನ ಮೂಲೇಲಿ ಒಂದು ಗುಂಡಿ ಐತಲ್ಲಣ್ಣ, ಮೆತ್ತಗೆ ಒತ್ರಿ' ಅಂದೆಯಂತೆ. ಸರಿಹೋಯಿತಂತೆ. ಅಂದಿನಿಂದ ನಾನು ಫೋನೆತ್ತಿದರೆ ಅವರದು ಒಂದೇ ಮಾತು: 'ಆ ರಾವಣನ್ನ ಬಿಟ್ಟು ಆಶಮ್ಮನ್ನ ಕೊಡ್ರಪ್ಪಾ.' ಶಾಹಿದ್ ಭಾಯ್ ಕೂಡ, 'ಮಾರುತೇಶ್ ಭಾಯ್, ನಿಮ್ಮ ಗಂಟಲಿಗೆ ವಾಲ್ಯೂಮ್ ಗುಂಡಿ ಎಲ್ಲೈತೆ?' ಅಂದ. ಗಿರಾಕಿಗಳ ಎದುರಿಗೆ!

ಕಳೆದ ವಾರ ಫೋನಿನಲ್ಲಿ ನೀನು, 'ಈ ಕೆಲಸ ಖಾಯಂ ಆದ್ರೆ ಸಾಕ್ರೀ, ನನಗಿನ್ನೇನೂ ಬೇಡ' ಅಂದಾಗ ನಾನು ಉಪ್ಪಿನಕಾಯಿ ಎಲ್ಲಿಟ್ಟಿದ್ದೀಯ ಅಂತ ಕೇಳಿದೆ. ಉಪ್ಪಿನಕಾಯಿ ಕಣ್ಣೆದುರಿಗೇ ಇತ್ತು.

ಅತ್ತೆಯವರಿಗೆ ನಮಸ್ಕಾರ. ನಿನಗೆ ಶುಭವಾಗಲಿ. ಕಲ್ಲೇಶಪ್ಪನ ಚಹಾಕ್ಕೆ ಸಕ್ಕರೆ ಕಡಿಮೆಯಾಗಲಿ.

ಇಂತಿ ನಿನ್ನವನು,
ಮಾರುತೇಶ

ತಾ.ಕ.: ಕಾಗದ ಒಯ್ಯುವ ಸಂಜೆ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಶಾಹಿದ್ ಇವತ್ತು ಹೇಳಿದ, 'ಮೊಳಕಾಲ್ಮೂರಿಗೆ ಖಾಯಂ ಟೆಕ್ನಿಷಿಯನ್ ಬೇಕು. ನಿಮ್ಮ ಮನೆಯವರನ್ನ ಕೇಳಿ ಹೇಳ್ರಿ. ಅವರು ಒಲ್ಲೆ ಅಂದ್ರೆ ನಿಮಗೇ.' 'ಒಲ್ಲೆ ಅಂದ್ಲು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಶಾ. ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡೆ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಆರಲಿ ಅಂತ ಕಾದರೆ ನಿನ್ನ ಕೆಲಸ ಹೋಗುತ್ತದೆ. ನಾಳೆ ಬೆಳಗ್ಗೆ ಅವನು ಶಟರ್ ಎತ್ತುವ ಮೊದಲೇ ಅಂಗಡಿ ಮುಂದೆ ನಿಂತು, ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗುತ್ತೇನೆ: 'ನನ್ನ ಹೆಂಡತಿ ಒಪ್ಪಿದ್ದಾಳೆ!'