ಬೆಕ್ಕಿನ ಯಜಮಾನಿ ಯಾರು

ಪೆರಂಬೂರು, ಚೆನ್ನೈ
13 ನವೆಂಬರ್ 2025, ಗುರುವಾರ

ವೀಕ್ಷಾ,

ಆಶೀರ್ವಾದವನ್ನು ಕಾಗದದ ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಬೈಗುಳ. ಕಿವಿಗೆ ಸಿಕ್ಕಿಸಿಕೊಂಡಿರುವ ಆ ಬಿಳಿ ಬತ್ತಿಗಳನ್ನು ಕಿತ್ತು ಪಕ್ಕಕ್ಕಿಟ್ಟು ನೆಟ್ಟಗೆ ಕೂತು ಓದು. ಇದರ ಫೋಟೋ ಹೊಡೆದು ನಿನ್ನ ಅಪ್ಪನಿಗೆ ಕಳಿಸಿ, "ಅಜ್ಜಿ ಏನು ಬರೆದಿದ್ದಾರೆ, ಓದಿ ಹೇಳಪ್ಪಾ" ಎಂದೆಯೋ, ನಿನ್ನ ಮುಖ ನೋಡುವುದಿಲ್ಲ. ಕನ್ನಡ ಓದಲು ಬರುವುದಿಲ್ಲ ಎನ್ನುವ ನೆಪ ಸ್ಕೂಲಿನವರ ಹತ್ತಿರ ನಡೆದಿರಬಹುದು, ನನ್ನ ಹತ್ತಿರ ನಡೆಯದು. ತಟ್ಟೆಯಲ್ಲಿ ಅಕ್ಕಿ ಹರಡಿ ನಿನ್ನ ಬೆರಳು ಹಿಡಿದು ತಿದ್ದಿಸಿದವಳು ನಾನು. ನಾನು ಓದಿದ್ದು ಮಾಲೂರಿನ ಪಕ್ಕದ ಹಳ್ಳಿಯಲ್ಲಿ ನಾಲ್ಕನೇ ಕ್ಲಾಸು. ನೀನು ದೂರದ ರಾಯಪುರದ ಬ್ಯಾಂಕಿನಲ್ಲಿ ಆಫೀಸರು. ನಾಲ್ಕನೇ ಕ್ಲಾಸಿನವಳು ಬರೆದದ್ದನ್ನು ಆಫೀಸರು ಓದಲಾರಳು ಎಂದರೆ ನಾಚಿಕೆ ಯಾರಿಗೆ ಎಂದು ನೀನೇ ಯೋಚಿಸು.

ಕಾಗದ ತಡವಾಯಿತು, ಒಪ್ಪುತ್ತೇನೆ. ದೀಪಾವಳಿಗೇ ಬರೆಯಬೇಕೆಂದಿದ್ದೆ. ಹಬ್ಬ ಮುಗಿದ ಮಾರನೆಯ ದಿನವೇ ನಿನ್ನ ಬೆಕ್ಕು ಭದ್ರೆ ದಾರ ನುಂಗಿದಳು. ಆಮೇಲೆ ಈ ಮನೆಯಲ್ಲಿ ಯಾರು ಕೂತರು, ಯಾರು ಬರೆದರು.

ಅದನ್ನು ನಿನ್ನ ಅಪ್ಪ ನಿನಗೆ ಅರ್ಧಂಬರ್ಧ ಹೇಳಿರುತ್ತಾನೆ. ನಡೆದದ್ದು ಹೀಗೆ. ನಿನ್ನ ಅಮ್ಮ ಜಯಲಕ್ಷ್ಮಿ ಮಲ್ಲಿಗೆ ಕಟ್ಟಿ, ಉಳಿದ ದಾರವನ್ನು ಬುಟ್ಟಿಯಲ್ಲೇ ಬಿಟ್ಟು ಫೋನು ಹಿಡಿದಳು. ಭದ್ರೆ ದಾರದ ತುದಿ ಕಚ್ಚಿಕೊಂಡಳು, ನುಂಗುತ್ತಾ ನುಂಗುತ್ತಾ ಪೂರ್ತಿ ಒಳಕ್ಕೆ ಎಳೆದುಕೊಂಡಳು. ಸಂಜೆಗೆ ವಾಂತಿ, ಮೊಸರನ್ನ ಮುಟ್ಟಲಿಲ್ಲ. ಕೀಲ್ಪಾಕಿನ ಹತ್ತಿರ ಒಬ್ಬ ಬೆಕ್ಕಿನ ಡಾಕ್ಟರು ಇದ್ದಾರೆಂದು ಆಟೋದಲ್ಲಿ ಹೊರಟೆವು. ಮಳೆ ಸುರಿಯುತ್ತಿತ್ತು, ರೈಲು ಸೇತುವೆ ಕೆಳಗಿನ ಸಬ್‌ವೇಯಲ್ಲಿ ನೀರು. ಆಟೋದವನು, "ಪೂನೈಕ್ಕಾ ಇವ್ವಳವು ಅವಸರಂ?" ಎಂದು ನಕ್ಕ, ಬೆಕ್ಕಿಗಾ ಇಷ್ಟು ಅವಸರ ಎಂದು. ನಿನ್ನ ಮನೆ ಮಗು ದಾರ ನುಂಗಿದ್ದರೆ ನಗುತ್ತಿದ್ದೆಯಾ ಎಂದು ನನಗೆ ಬರುವ ತಮಿಳಿನಲ್ಲೇ ಕೇಳಿದೆ. ಅವನು ನೀರಿನಲ್ಲೇ ಗಾಡಿ ನುಗ್ಗಿಸಿದ. ಹೊಟ್ಟೆ ಕೊಯ್ದು ದಾರ ತೆಗೆದರು. ಬಿಲ್ಲು ಕೊಟ್ಟಾಗ ನಿನ್ನ ಅಪ್ಪ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದ. ಅಂಕಿ ಬದಲಾಗಿರಲಿಲ್ಲ.

ಅದೇ ವಾರ ನಿನಗೆ ಜ್ಞಾನೋದಯವಾಯಿತು. ಬೆಕ್ಕುಗಳಿಗೆ ಇನ್ಶೂರೆನ್ಸ್ ಮಾಡಿಸಬೇಕು. ಫೋನಿನಲ್ಲಿ ನಿನ್ನ ಅಪ್ಪನಿಗೆ ಆರ್ಡರು ಹಾಕಿದೆ. ಅವನು, "ಬೆಕ್ಕಿಗೆ ಇನ್ಶೂರೆನ್ಸ್ ಅಂದ್ರೆ ಫ್ಯಾಕ್ಟರೀಲಿ ನನ್ನ ನೋಡಿ ನಗ್ತಾರೆ" ಎಂದು ಗೊಣಗಿದ. ನಿನ್ನ ಅಮ್ಮ, "ಸ್ಕೂಟರಿಗೆ ವರ್ಷಾವರ್ಷ ಕಟ್ತೀರಲ್ಲ, ಅದೇನು ನಿಮ್ಮ ತೊಡೆ ಮೇಲೆ ಬಂದು ಮಲಗುತ್ತಾ?" ಎಂದಳು. ಆ ಒಂದು ಮಾತಿಗೆ ಅವಳು ದಾರ ಬಿಟ್ಟ ತಪ್ಪನ್ನು ನಾನು ಮಾಫಿ ಮಾಡಿದೆ.

ನಾನು ಬೇಡ ಎಂದವಳಲ್ಲ, ಇದನ್ನು ತಲೆಯಲ್ಲಿಟ್ಟುಕೋ. ಆ ಡಾಕ್ಟರ ಮನೆ ಬೆಂಚಿನ ಮೇಲೆ ಬುಟ್ಟಿಯೊಳಗೆ ಕೈಯಿಟ್ಟುಕೊಂಡು ಕೂತಿದ್ದವಳು ನಾನು. ಇನ್ನೊಂದು ಸಲ ಹೀಗಾದರೆ ಬಿಲ್ಲು ನೋಡಿ ಯಾರೂ ಹಿಂದುಮುಂದು ನೋಡಬಾರದು. ಮಾಡಿಸಿ ಎಂದೆ. ಆದರೆ ಹೇಗೆ ಮಾಡಿಸುವುದು ಎನ್ನುವುದಕ್ಕೆ ಈ ಮನೆಯಲ್ಲಿ ಒಬ್ಬರಿಗೂ ತಲೆಯಿಲ್ಲ.

ಇನ್ಶೂರೆನ್ಸ್ ಕಂಪನಿಯವರು ಮೊದಲು ಫೋಟೋ ಕೇಳಿದರು. ಎರಡೂ ಬೆಕ್ಕು ಬೇರೆ ಬೇರೆ, ಗುರುತು ಬರೆದು, ಮುಖ ಕಾಣುವ ಹಾಗೆ. ನಿನ್ನ ಅಪ್ಪ ಫೋಟೋ ತೆಗೆದದ್ದು ಶುಕ್ರವಾರ ಬೆಳಿಗ್ಗೆ. ಶುಕ್ರವಾರ ನಿನ್ನ ಅಮ್ಮ ಏನು ಮಾಡುತ್ತಾಳೆ ಎಂದು ನಿನಗೆ ಗೊತ್ತು. ಹೊಸಿಲಿಗೆ ಕುಂಕುಮ, ತುಳಸಿಗೆ ಕುಂಕುಮ, ಗ್ಯಾಸ್ ಸಿಲಿಂಡರಿಗೆ ಕುಂಕುಮ, ಕೊನೆಗೆ, "ಇವೂ ಹೆಣ್ಣು ತಾನೇ" ಎಂದು ತುಂಗೆ ಭದ್ರೆಯರ ಹಣೆಗೂ ಒಂದೊಂದು ಬೊಟ್ಟು. ಆವತ್ತು ಭದ್ರೆ ಹಾಸಿಗೆ ಕೆಳಗೆ ಸೇರಿಕೊಂಡಿದ್ದಳು, ಬೊಟ್ಟು ತುಂಗೆಗೆ ಮಾತ್ರ ಆಯಿತು. ನಿನ್ನ ಅಪ್ಪ, ಅಷ್ಟು ವರ್ಷ ಕೋಚ್ ಫ್ಯಾಕ್ಟರಿಯಲ್ಲಿ ಫೈಲು ಬರೆದವನು, ಗುರುತಿನ ಜಾಗದಲ್ಲಿ ಠೀವಿಯಿಂದ ಬರೆದ: ಒಂದನೇ ಬೆಕ್ಕು, ಹಣೆಯಲ್ಲಿ ಕೆಂಪು ಮಚ್ಚೆ. ಎರಡನೇ ಬೆಕ್ಕು, ಮಚ್ಚೆಯಿಲ್ಲ.

ಡಾಕ್ಟರು ಕೊಟ್ಟ ಸರ್ಟಿಫಿಕೇಟಿನಲ್ಲಿ ಕೆಂಪು ಮಚ್ಚೆ ಎಲ್ಲಿಂದ ಬರಬೇಕು? ಅಕ್ಕತಂಗಿಯರು ಒಂದೇ ಅಚ್ಚು, ಅದೇ ಬೂದಿ ಬಣ್ಣ, ಅದೇ ಪಟ್ಟೆ. ಒಂದೇ ಬೆಕ್ಕಿಗೆ ಬಣ್ಣ ಹಚ್ಚಿ ಎರಡು ಎಂದು ತೋರಿಸುತ್ತಿದ್ದೀರಾ ಎಂದು ಕಂಪನಿಯವರು ಅನುಮಾನ ಪಟ್ಟು ವಾಪಸು ಕಳಿಸಿದರು. ಮೂರು ತಲೆಮಾರು ರೈಲ್ವೆಯಲ್ಲಿ ದುಡಿದ ಮನೆಗೆ ಬೆಕ್ಕಿನ ಕಳ್ಳಲೆಕ್ಕದ ಹೆಸರು ಬಂತು. "ಕುಂಕುಮ ಅಂತ ನಿಮಗೆ ಗೊತ್ತಾಗ್ಲಿಲ್ವಾ?" ಎಂದು ನಿನ್ನ ಅಮ್ಮ ಕೇಳಿದರೆ, ಅವನು, "ಫೋಟೋದಲ್ಲಿ ಇರೋದನ್ನ ಬರೀಬೇಕು ಅಂತ ರೂಲು" ಎನ್ನುತ್ತಾನೆ. ಇಂಥವರ ಮಧ್ಯೆ ನನ್ನನ್ನು ಬಿಟ್ಟು ಹೋಗಿದ್ದೀಯ.

ಕೊನೆಗೆ ಹೋದ ಸೋಮವಾರ ಏಜೆಂಟನೇ ಮನೆಗೆ ಬಂದ. ಗುರುಚರಣ ಎಂದು ಹೆಸರು, ಪಲ್ಲಾವರದಲ್ಲಿ ಮನೆ. ಅವರ ಮನೆಮಾತೂ ಕನ್ನಡವಂತೆ. ಮಾತಿಗೊಂದು ತಮಿಳು ಸೇರಿಸಿಕೊಂಡರೂ, ನನ್ನನ್ನು ಅಜ್ಜಿ ಎನ್ನದೆ ಪಾಟಿ ಎಂದರೂ, ನಿನಗಿಂತ ವಾಸಿ. ಹೆಲ್ಮೆಟ್ ಕೆಳಗಿಟ್ಟ, ತುಂಗೆ ಅದರೊಳಕ್ಕೆ ಇಳಿದು ಸುತ್ತಿಕೊಂಡು ಮಲಗಿದಳು. ಪಾಪ, ಎಬ್ಬಿಸಲು ಹೆದರಿಕೊಂಡು, ಕೆಲಸ ಮುಗಿದ ಮೇಲೂ ಕೂತೇ ಇದ್ದ.

"ಪಾಟಿ, ಇದರಲ್ಲಿ ಎಲ್ಲಾ ಇದೆ. ಆಪರೇಷನ್ ಬರುತ್ತೆ, ಆಸ್ಪತ್ರೆ ಬರುತ್ತೆ. ಕಳೆದುಹೋದ್ರೆ ಪೇಪರಲ್ಲಿ ಹಾಕೋ ಖರ್ಚು ಬರುತ್ತೆ. ಪಕ್ಕದ ಮನೆಯೋರನ್ನ ಪರಚಿದ್ರೂ ಬರುತ್ತೆ."

"ಪಕ್ಕದ ಮನೆಯವರನ್ನ ಪರಚೋಕೆ ಇವಳಿಗ್ಯಾಕೆ ಇನ್ಶೂರೆನ್ಸು, ನಾನಿಲ್ವಾ?" ಎಂದೆ.

ಅವನು ನಕ್ಕ. ಆಮೇಲೆ ಸುಮ್ಮನಿರಬಾರದೇ? "ಸತ್ತುಹೋದ್ರೂ ಬರುತ್ತೆ ಪಾಟಿ, ಒಳ್ಳೇ ಅಮೌಂಟೇ ಬರುತ್ತೆ" ಎಂದ.

ವೀಕ್ಷಾ, ನನ್ನ ಮೈಯೆಲ್ಲ ಉರಿದು ಹೋಯಿತು. ನಮ್ಮ ಕಡೆ, ಮನೆಯವರ ಕೈಯಿಂದ ಬೆಕ್ಕು ಸತ್ತರೆ ಚಿನ್ನದಲ್ಲಿ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಆ ಪಾಪ ಕಳೆಯದು ಎನ್ನುತ್ತಾರೆ. ಬಾಗಿಲು ಹಾಕುವಾಗ ಬಾಲ ಸಿಕ್ಕಿದರೂ ನನ್ನ ಅಮ್ಮ ದೇವರ ಮುಂದೆ ತಪ್ಪುಕಾಣಿಕೆ ಇಡುತ್ತಿದ್ದಳು. ಬೆಕ್ಕು ಸತ್ತರೆ ಮನೆಯವರು ಕೊಡಬೇಕು. ಇಲ್ಲಿ ಮನೆಯವರಿಗೇ ಕೊಡುತ್ತಾರಂತೆ. ಆ ದುಡ್ಡಿನಲ್ಲಿ ನಾವು ಅನ್ನ ಮಾಡಿ ಉಣ್ಣಬೇಕಂತೆ.

"ಆ ಭಾಗ ಕಿತ್ತು ಹಾಕಪ್ಪ" ಎಂದೆ.

"ಅದು ಪ್ಯಾಕೇಜು ಪಾಟಿ. ಕೋಪಿಸ್ಕೋಬೇಡಿ. ಎಲ್ಲಾರೂ ಕೇಳೋದೇ ಅದನ್ನ."

"ಎಲ್ಲಾರೂ ಕೇಳಲಿ. ನನಗೆ ಬದುಕಿಸೋಕೆ ದುಡ್ಡು ಕೊಡೋ ಪಾಲಿಸಿ ಬೇಕು. ಸತ್ತದ್ದಕ್ಕೆ ಕೊಡೋದು ಬೇಡ. ಇದ್ದರೆ ತೋರಿಸು, ಇಲ್ಲದಿದ್ದರೆ ಕಾಫಿ ಕುಡಿದು ಹೊರಡು."

ಫೋನಿನಲ್ಲಿ ಯಾರನ್ನೋ ಕೇಳಿದ, ಏನೇನೋ ಒತ್ತಿದ. ಕೊನೆಗೆ ವೈದ್ಯದ್ದು ಮಾತ್ರ ಇರುವ ಒಂದು ಪಾಲಿಸಿ ಸಿಕ್ಕಿತು. ಭದ್ರೆಯ ಹಳೇ ಗಾಯಕ್ಕೆ ಕೊಡುವುದಿಲ್ಲ, ಮುಂದೆ ಆಗುವುದಕ್ಕೆ ಕೊಡುತ್ತಾರೆ. ಮೊದಲ ಕೆಲವು ವಾರ ಕಾಯಿಲೆ ಬಿದ್ದರೆ ಅದಕ್ಕೂ ಇಲ್ಲವಂತೆ. "ಹಾಗಾದ್ರೆ ಇವಕ್ಕೆ ಹೇಳಿಟ್ಟಿರ್ತೀನಿ, ಅಲ್ಲಿವರೆಗೆ ಆರೋಗ್ಯವಾಗಿರಿ ಅಂತ" ಎಂದೆ. ಬೆಕ್ಕುಗಳ ಮುಖ ಒರೆಸಿ ಹೊಸ ಫೋಟೋ ತೆಗೆದ. ತುಂಗೆಯ ಬಾಲದ ತುದಿ ಕಪ್ಪು, ಭದ್ರೆಯದು ಬೂದಿ. ಇಷ್ಟು ದಿನ ಅದನ್ನು ಯಾರೂ ನೋಡಿರಲಿಲ್ಲವಲ್ಲ ಎಂದು ಗಂಡಹೆಂಡಿರಿಬ್ಬರಿಗೂ ಮತ್ತೊಂದು ಸುತ್ತು ಜಗಳ ಆಯಿತು.

ಎಲ್ಲಾ ಮುಗಿಯಿತು ಎನ್ನುವಾಗ ಅವನು ಸೈನ್ ಹಾಕಲು ಕಾಗದ ನನ್ನ ಮುಂದಿಟ್ಟ. ಬೆಕ್ಕಿನ ಮಾಲೀಕರು ಎನ್ನುವ ಕಡೆ ನನ್ನ ಹೆಸರು ಆಗಲೇ ಅಚ್ಚಾಗಿತ್ತು. ನೀನು ಹೇಳಿದ್ದೆಯಂತೆ. ಬೆಕ್ಕು ಎಲ್ಲಿರುತ್ತದೋ ಅಲ್ಲೇ ಇರುವವರು ಮಾಲೀಕರಾಗಬೇಕು ಎನ್ನುವುದು ಅವರ ರೂಲು.

ನಾನು ಸೈನ್ ಹಾಕಲಿಲ್ಲ.

"ಅಮ್ಮಾ, ಯಾರ ಹೆಸರಲ್ಲಿದ್ರೇನಮ್ಮಾ? ಬೆಕ್ಕು ಓದಿ ನೋಡುತ್ತಾ?" ಎಂದ ನಿನ್ನ ಅಪ್ಪ. ಗುರುಚರಣ, "ಚುಮ್ಮಾ ಒಂದು ಸೈನ್ ಪಾಟಿ, ಇಷ್ಟೇ" ಎಂದ. ಚುಮ್ಮಾ ಅಂತೆ. ನನ್ನ ಕೈಯಿಂದ ಸುಮ್ಮಸುಮ್ಮನೆ ಯಾವ ಸೈನೂ ಬೀಳುವುದಿಲ್ಲ. ಇವು ನನ್ನ ಬೆಕ್ಕಲ್ಲ. ಎರಡು ವರ್ಷ ನೋಡಿಕೋ ಅಜ್ಜಿ, ಟ್ರಾನ್ಸ್‌ಫರ್ ಸಿಕ್ಕ ಕೂಡಲೇ ಬಂದುಬಿಡುತ್ತೇನೆ ಎಂದು ನೀನು ನನ್ನ ಮಡಿಲಿಗೆ ಹಾಕಿ ಹೋದವು. ನಾನು ನೋಡಿಕೊಳ್ಳುವವಳು. ಯಜಮಾನಿ ರಾಯಪುರದಲ್ಲಿದ್ದಾಳೆ.

"ಸರಿ, ನಾನೇ ಹಾಕ್ತೀನಿ ಕೊಡಿ" ಎಂದು ನಿನ್ನ ಅಪ್ಪ ಪೆನ್ನು ತೆಗೆದ. "ಹಾಕು ಮಧು. ನಾಳೆಯಿಂದ ಇವು ತಿನ್ನೋ ಆ ಮೀನಿನ ಪಾಕೀಟು ನೀನೇ ಕತ್ತರಿಸು" ಎಂದೆ. ಪೆನ್ನು ಜೇಬಿಗೆ ಹೋಯಿತು. ಆ ನಾತವನ್ನು ಈ ಮನೆಯಲ್ಲಿ ತಡೆಯುವವರು ಯಾರು? ಬಾಲ್ಕನಿಯಲ್ಲಿ, ಅದಕ್ಕೆಂದೇ ಇಟ್ಟ ಕತ್ತರಿಯಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡು ದಿನಾ ಬೆಳಿಗ್ಗೆ ಕತ್ತರಿಸುವವಳು ನಾನು. ಅದಾದ ಮೇಲೆ ಸ್ನಾನ, ಆಮೇಲೆ ದೇವರು. ಈ ಮನೆಯಲ್ಲಿ ಈರುಳ್ಳಿಯನ್ನೇ ಏಕಾದಶಿಗೆ ಮುಟ್ಟದವರು ನಾವು.

ಸೈನ್ ಆಗದೆ ಪಾಲಿಸಿ ಇಲ್ಲ. ಪಾಲಿಸಿ ಇಲ್ಲದೆ ಭದ್ರೆ ಮತ್ತೆ ಬುಟ್ಟಿ ಮೂಸುತ್ತಿದ್ದಾಳೆ. ಈಗ ಹೂವಿನ ದಾರವೆಲ್ಲ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಬೀಗ ಹಾಕಿದ್ದೇನೆ. ನಿನ್ನ ಅಮ್ಮನಿಗೆ ಹೂ ಕಟ್ಟಬೇಕಾದರೆ ನನ್ನನ್ನು ಕೇಳಬೇಕು. ನಿನ್ನ ಅಪ್ಪ ನಾಲ್ಕು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ, ಟಿವಿಯ ಜೊತೆ ಮಾತಾಡುತ್ತಿದ್ದಾನೆ: "ವಯಸ್ಸಾದ ಮೇಲೆ ಹಟ ಜಾಸ್ತಿ." ನಾನೂ ಟಿವಿಗೇ ಹೇಳುತ್ತೇನೆ: "ಹುಟ್ಟಿದಾಗಿಂದ ಇದೆ." ಮಾರ್ಚಿನಲ್ಲಿ ಅವನು ರಿಟೈರಾಗುತ್ತಾನೆ. ಆಮೇಲೆ ದಿನವಿಡೀ ಮನೆಯಲ್ಲಿ. ದೇವರೇ ಕಾಪಾಡಬೇಕು, ಅವನನ್ನಲ್ಲ, ನನ್ನನ್ನು.

ಹೊಟ್ಟೆಗೆ ಸರಿಯಾಗಿ ತಿನ್ನು. ಬ್ಯಾಂಕಿನಲ್ಲಿ ಮಧ್ಯಾಹ್ನ ಬಿಸ್ಕತ್ತು ತಿಂದು ಊಟವಾಯಿತು ಎನ್ನಬೇಡ. ಅಲ್ಲಿ ಚಳಿ ಶುರುವಾಗಿರುತ್ತದೆ, ನಾನು ಕೊಟ್ಟ ಶಾಲು ಪೆಟ್ಟಿಗೆಯ ತಳದಲ್ಲಿ ಮಲಗಿಸದೆ ಹೊದ್ದುಕೋ. ನಿನಗೆ ಯಾವ ಕೆಟ್ಟದ್ದೂ ತಟ್ಟದಿರಲಿ, ತಲೆಯ ಮೇಲೆ ದೇವರ ಕೈ ಇರಲಿ, ಬಾಯಲ್ಲಿ ಸತ್ಯ ಇರಲಿ.

ಇಂತಿ,
ನಿನ್ನ ಅಜ್ಜಿ
ನಾಗಮಣಿ

ಮತ್ತೊಂದು: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ.

ಸೈನ್ ಹಾಕದಿದ್ದುದಕ್ಕೆ ಕಾರಣ ಬೆಕ್ಕಲ್ಲ. ಪೆನ್ನು ನನ್ನ ಕೈಯಲ್ಲೇ ಇತ್ತು, ಮೊದಲಕ್ಷರ ಬರೆಯುವುದರಲ್ಲಿದ್ದೆ. ನಿನ್ನ ಅಪ್ಪ ಫೋನು ಬಂತೆಂದು ಒಳಗೆ ಹೋಗಿದ್ದ. ಆಗ ಗುರುಚರಣ ಏನೋ ಉಪಚಾರಕ್ಕೆ ಮಾತಾಡಿದ: "ಮೇಡಂ ಇನ್ನು ಚೆನ್ನೈಗೆ ಬರಲ್ವಂತೆ ಅಲ್ವಾ ಪಾಟಿ. ಟ್ರಾನ್ಸ್‌ಫರ್ ಕೇಳಲ್ಲ, ಅಲ್ಲೇ ಮನೆ ತಗೋತೀನಿ ಅಂದ್ರು. ಅದಕ್ಕೇ ಪರ್ಮನೆಂಟಾಗಿ ನಿಮ್ಮ ಹೆಸರಲ್ಲೇ ಹಾಕಿ ಅಂದ್ರು."

ನಾನು, "ಹೌದಪ್ಪ, ಗೊತ್ತು" ಎಂದೆ. ಹೊರಗಿನವನ ಮುಂದೆ ಇನ್ನೇನು ಹೇಳಲಿ. ನಿನ್ನ ಅಮ್ಮ ನನ್ನ ಕಡೆ ನೋಡದೆ, ಒರೆಸಲು ಏನೂ ಇಲ್ಲದ ಟೀಪಾಯಿಯನ್ನು ಸೆರಗಿನಿಂದ ಒರೆಸಿದಳು. ಅವಳಿಗೆ ಗೊತ್ತು. ಹಾಗಾದರೆ ನಿನ್ನ ಅಪ್ಪನಿಗೂ ಗೊತ್ತು. ಪಲ್ಲಾವರದಿಂದ ಬಂದ ಏಜೆಂಟನಿಗೆ ಗೊತ್ತು. ದಿನಾ ಸಾಯಂಕಾಲ ಈ ಬೆಕ್ಕುಗಳಿಗೆ, "ಇನ್ನೇನು, ಬಂದುಬಿಡುತ್ತಾಳೆ" ಎಂದು ಹೇಳುತ್ತಿದ್ದ ನನಗೆ ಮಾತ್ರ ಗೊತ್ತಿರಲಿಲ್ಲ.

ನೀನು ಬರದಿರುವುದಕ್ಕೆ ನನ್ನ ಸಿಟ್ಟಲ್ಲ. ಮಾಲೂರು ಬಿಟ್ಟು ಈ ಊರಿಗೆ ಬಂದವಳು ನಾನೂ ವಾಪಸು ಹೋಗಲಿಲ್ಲ. ಆದರೆ ಇನ್ನು ಇಲ್ಲೇ ಇರುತ್ತೇನಮ್ಮ ಎಂದು ನನ್ನ ಅಮ್ಮನಿಗೆ ನಾನೇ ಹೇಳಿದೆ, ಅವಳ ಮುಖ ನೋಡಿಕೊಂಡು ಹೇಳಿದೆ. ಬೆಕ್ಕುಗಳಿಗೆ ನಾಳೆ ಏನಾದರೂ ಆದರೆ ಎಂದು ಅಷ್ಟು ಯೋಚನೆ ಮಾಡಿದವಳಿಗೆ, ಅಜ್ಜಿಗೆ ಇದನ್ನು ಹೇಳಬೇಕಾದವಳು ನಾನು ಎಂದು ಹೊಳೆಯಲಿಲ್ಲವೇ?

ಬರುತ್ತೀಯೋ ಇಲ್ಲವೋ, ಒಂದೇ ಸಾಲು, ನಿನ್ನ ಕೈಯಲ್ಲೇ ಬರೆ. ಬರುವುದಿಲ್ಲ ಎಂದರೆ ಆ ದಿನವೇ ಅವೆರಡೂ ನನ್ನವು ಎಂದು ಸೈನ್ ಹಾಕುತ್ತೇನೆ, ಆಮೇಲೆ ನೀನು ಬೇಡಿದರೂ ಕೊಡುವುದಿಲ್ಲ. ಬರುತ್ತೀಯಾದರೆ ಬಂದು ನಿನ್ನ ಹೆಸರು ನೀನೇ ಹಾಕು. ಗುರುಚರಣ ಡಿಸೆಂಬರ್ ಒಂದನೇ ತಾರೀಕು ಮತ್ತೆ ಬರುತ್ತಾನೆ. ಆ ತಿಂಗಳು ಹುಟ್ಟುವ ಮೊದಲು ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.